ಇಂಜಿನಿನ ಸದ್ದು: ಎಲ್ಲಿ ನಿಲ್ಲಿಸಬೇಕು, ಎಲ್ಲಿ ಮುಂದೆ ಹೋಗಬಹುದು

ಸಂಘದ ಕಛೇರಿಗೆ ಬರುವ ಸದಸ್ಯರು ಮೈಲುತುತ್ತದ ದಾಸ್ತಾನು, ಗೊಬ್ಬರದ ದರ, ಸಾಲದ ಕಂತು ಇವುಗಳ ಮಾತು ಮುಗಿಸಿ ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ತೆಗೆಯುವುದುಂಟು. "ಅಲ್ಲ ಮಾರಾಯ್ರೇ, ಕಾರಲ್ಲಿ ಏನೋ ಟಕಟಕ ಅಂತಿದೆ. ಓಡಿಸ್ಬಹುದಾ?" ಈ ಪ್ರಶ್ನೆಗೆ ಕಛೇರಿಯ ಬಾಗಿಲಲ್ಲಿ ನಿಂತು ಉತ್ತರ ಹೇಳಲು ಬರುವುದಿಲ್ಲ. ಆದರೆ ಸದಸ್ಯರೇ ತಮ್ಮ ಅಂಗಳದಲ್ಲಿ, ಹೆಚ್ಚಿನ ಸಲಕರಣೆ ಇಲ್ಲದೆ, ಉತ್ತರ ಕಂಡುಕೊಳ್ಳುವ ಕ್ರಮವೊಂದಿದೆ. ಅದನ್ನು ಈ ಸಂಚಿಕೆಯಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಯಂತ್ರದ ಸದ್ದು ನಮ್ಮ ಬೆಳೆಗಾರರಿಗೆ ಹೊಸತಲ್ಲ. ಪಲ್ಪರಿಗೆ ಒಂದು ಕಲ್ಲು ಬಿದ್ದರೆ ಕಣದ ಆಚೆ ತುದಿಯಲ್ಲಿದ್ದವರಿಗೂ ತಿಳಿಯುತ್ತದೆ. ತೋಟದ ಪಂಪು ಗಾಳಿ ಎಳೆಯತೊಡಗಿದರೆ ಜಗಲಿಯಲ್ಲಿ ಕುಳಿತೇ ಹೇಳುತ್ತೇವೆ. ಆದರೆ ಅದೇ ಕಿವಿಯನ್ನು ಕಾರಿಗೆ ಕೊಡುವುದಿಲ್ಲ. ಕಿಟಕಿ ಏರಿಸಿ, ಹಾಡು ಹಾಕಿ ಹೊರಟುಬಿಡುತ್ತೇವೆ. ಪೇಟೆಯವರಿಗೆ ಕಾರು ಕೆಟ್ಟರೆ ರಿಕ್ಷಾ ಇದೆ. ನಮ್ಮಲ್ಲಿ ರಾತ್ರಿ ಹೊತ್ತು ಹೊಟ್ಟೆನೋವು ಬಂದವರನ್ನು, ಹೆರಿಗೆಗೆ ದಿನ ತುಂಬಿದವರನ್ನು ಘಾಟಿ ಇಳಿಸಿ ಮಂಗಳೂರಿಗೋ ಮಣಿಪಾಲಕ್ಕೋ ಮುಟ್ಟಿಸುವುದು ಶೆಡ್ಡಿನಲ್ಲಿರುವ ಆ ಒಂದು ಕಾರೇ. ಅಂಬಾಸಿಡರ್, ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು, ಓಮ್ನಿಯದು 2019ರಲ್ಲಿ. ಆದರೂ ಮಲೆನಾಡಿನ ಅನೇಕ ಮನೆಗಳಲ್ಲಿ ಹಳೆಯ ಗಾಡಿಗಳೇ ದುಡಿಯುತ್ತಿವೆ. ಇಂಥ ಇಂಜಿನುಗಳು ಸಾಮಾನ್ಯವಾಗಿ ಮುನ್ಸೂಚನೆ ಕೊಡದೆ ಕೆಡುವುದಿಲ್ಲ.

ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕಾದದ್ದು, ಸದ್ದು ಯಾವ ಭಾಗದ್ದು ಎಂದಲ್ಲ. ಈ ಸದ್ದಿನೊಂದಿಗೆ ಇಂಜಿನನ್ನು ಇನ್ನೊಂದು ನಿಮಿಷ ತಿರುಗಿಸಬಹುದೇ, ಕೂಡದೇ ಎಂಬುದು. ಇದನ್ನು ತೀರ್ಮಾನಿಸುವುದು ಎಣ್ಣೆ. ಆದ್ದರಿಂದ ಸದ್ದು ಕೇಳಿದೊಡನೆ ಬಾನೆಟ್ಟು ಎತ್ತಿ ಕಿವಿಗೊಡುವ ಮೊದಲು ಇಂಜಿನು ನಿಲ್ಲಿಸಿ ಡಿಪ್‌ಸ್ಟಿಕ್ಕನ್ನು ಎಳೆದು ನೋಡಬೇಕು.

ಡಿಪ್‌ಸ್ಟಿಕ್ಕು ನೋಡುವುದನ್ನು ಕಲಿಸಬೇಕೇ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮ ಮನೆಗಳ ಮುಂದೆ ಸಮತಟ್ಟು ಜಾಗ ಎಷ್ಟಿದೆ? ಮೂತಿ ಮೇಲಾಗಿ ಇಳಿಜಾರಿನಲ್ಲಿ ನಿಂತ ಕಾರಿನ ಡಿಪ್‌ಸ್ಟಿಕ್ಕು ಒಂದು ಲೆಕ್ಕ ಹೇಳಿದರೆ, ತಿರುಗಿಸಿ ನಿಲ್ಲಿಸಿದಾಗ ಇನ್ನೊಂದು ಹೇಳುತ್ತದೆ. ಕಣದಂಥ ಮಟ್ಟಸವಾದ ಜಾಗದಲ್ಲಿ ನಿಲ್ಲಿಸಿ, ಎಣ್ಣೆ ಕೆಳಗಿಳಿಯಲು ಐದಾರು ನಿಮಿಷ ಬಿಟ್ಟು, ಕಡ್ಡಿಯನ್ನು ಬಟ್ಟೆಯಿಂದ ಒರೆಸಿ ಮತ್ತೆ ಪೂರ್ತಿ ಒಳಗೆ ತಳ್ಳಿ ತೆಗೆದು ನೋಡಬೇಕು. ಎಣ್ಣೆಯ ಗುರುತು ಮೇಲಿನ ಮತ್ತು ಕೆಳಗಿನ ಗೆರೆಗಳ ನಡುವೆ ಇರತಕ್ಕದ್ದು. ಕೆಳಗಿನ ಗೆರೆಗೂ ತಾಗದಿದ್ದರೆ ಸದ್ದಿನ ಕಾರಣ ಅರ್ಧ ಸಿಕ್ಕಿದಂತೆಯೇ. ಹಾಗೆಂದು ಮೇಲಿನ ಗೆರೆ ದಾಟಿಸಿ ತುಂಬುವುದೂ ತಪ್ಪು. ತಿರುಗುವ ಕ್ರ್ಯಾಂಕು ಎಣ್ಣೆಯನ್ನು ಕಡೆದು ನೊರೆ ಮಾಡುತ್ತದೆ, ನೊರೆಯಾದ ಎಣ್ಣೆ ಬೇರಿಂಗುಗಳನ್ನು ಕಾಯುವುದಿಲ್ಲ.

ಮಟ್ಟದ ಜೊತೆಗೆ ಬಣ್ಣವನ್ನೂ ನೋಡಿ. ಕಪ್ಪಾಗಿರುವುದು ದೋಷವಲ್ಲ, ಡೀಸೆಲ್ ಗಾಡಿಯಲ್ಲಂತೂ ಎಣ್ಣೆ ಬದಲಾಯಿಸಿದ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಆದರೆ ಡಿಪ್‌ಸ್ಟಿಕ್ಕಿನ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಎಣ್ಣೆಗೆ ನೀರು ಸೇರಿದೆ ಎಂದರ್ಥ. ಆಗ ಹೆಡ್ ಗ್ಯಾಸ್ಕೆಟ್ಟನ್ನು ಸಂಶಯಿಸಬೇಕು ಮತ್ತು ಗಾಡಿಯನ್ನು ಓಡಿಸಕೂಡದು. ಇಲ್ಲಿ ಒಂದು ಎಚ್ಚರಿಕೆ. ಮಳೆಗಾಲದಲ್ಲಿ ಮನೆಯಿಂದ ಡೈರಿಗೆ, ಡೈರಿಯಿಂದ ಮನೆಗೆ ಮಾತ್ರ ಓಡಾಡುವ ಕಾರಿನಲ್ಲಿ ಎಣ್ಣೆ ಹಾಕುವ ಮುಚ್ಚಳದ ಒಳಬದಿಗೆ ಬೆಣ್ಣೆಯಂಥ ಬಿಳಿ ಪದರ ಕೂರುವುದು ಸಾಮಾನ್ಯ. ಇಂಜಿನು ಪೂರ್ತಿ ಬಿಸಿಯಾಗದೆ ಒಳಗಿನ ತೇವ ಆವಿಯಾಗಿ ಹೋಗದಿದ್ದರೆ ಹೀಗಾಗುತ್ತದೆ. ಮುಚ್ಚಳದಲ್ಲಿ ಮಾತ್ರ ಬಿಳುಪು ಇದ್ದು, ಡಿಪ್‌ಸ್ಟಿಕ್ಕು ಚೊಕ್ಕಟವಾಗಿದ್ದು, ರೇಡಿಯೇಟರಿನ ನೀರು ಇಳಿಯದಿದ್ದರೆ ಗಾಬರಿ ಬೇಡ. ಈ ಪದರವನ್ನು ತೋರಿಸಿ ಹೆಡ್ ಇಳಿಸಬೇಕೆಂದು ಹೇಳುವ ಗ್ಯಾರೇಜುಗಳೂ ಇವೆ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಇನ್ನು ಕೆಂಪು ದೀಪ. ಎಣ್ಣೆಕುಡಿಕೆಯ ಚಿತ್ರವಿರುವ ಆ ದೀಪ ಎಣ್ಣೆ ಎಷ್ಟಿದೆ ಎಂದು ಹೇಳುವುದಿಲ್ಲ. ಎಣ್ಣೆಯ ಒತ್ತಡ ಬಿದ್ದಿದೆ ಎಂದು ಹೇಳುತ್ತದೆ. ಅದೂ ಒತ್ತಡ ಬಹಳ ಮಟ್ಟಿಗೆ ಬಿದ್ದ ಮೇಲೆಯೇ ಹೇಳುತ್ತದೆ. ಕ್ರ್ಯಾಂಕಿಗೂ ಅದರ ಬೇರಿಂಗಿಗೂ ನಡುವೆ ಇರುವುದು ಎಣ್ಣೆಯ ಒಂದು ತೆಳುವಾದ ಪದರ ಮಾತ್ರ. ಆ ಪದರ ನಿಲ್ಲುವುದು ಪಂಪಿನ ಒತ್ತಡದಿಂದ. ಒತ್ತಡ ಹೋದೊಡನೆ ಲೋಹ ಲೋಹವನ್ನು ತಿಕ್ಕುತ್ತದೆ. ದೀಪ ಹೊತ್ತಿದ ಮೇಲೆ ಮುಂದಿನ ಊರಿನವರೆಗೆ ಹೋಗೋಣ ಎನ್ನುವಂತಿಲ್ಲ. ಗಾಡಿಯನ್ನು ರಸ್ತೆಯ ಬದಿಗೆ ತಂದು ಇಂಜಿನು ನಿಲ್ಲಿಸಬೇಕು.

ಈಗ ಅತ್ಯಂತ ಕೆಟ್ಟ ಸದ್ದಿನ ವಿಷಯಕ್ಕೆ ಬರೋಣ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡಿನ ಕೆಳತುದಿಯಲ್ಲಿ ಎರಡು ಹೋಳಿನ ಬೇರಿಂಗು ಇರುತ್ತದೆ. ಗ್ಯಾರೇಜಿನವರು ಇದನ್ನು ಬಿಗ್ ಎಂಡ್ ಎನ್ನುತ್ತಾರೆ. ಇದು ಸವೆದರೆ ರಾಡು ಸಡಿಲಾಗಿ ಪ್ರತಿ ಸುತ್ತಿಗೂ ಬಡಿಯತೊಡಗುತ್ತದೆ. ಸದ್ದು ಟಿಕ್ ಟಿಕ್ ಎಂಬ ತೆಳುವಾದದ್ದಲ್ಲ. ಮರದ ಕೊಡತಿಯಿಂದ ದಿಮ್ಮಿಗೆ ಹೊಡೆದಂತೆ ಗಟ್ಟಿಯಾದ ಟೊಕ್ ಟೊಕ್. ಇಂಜಿನಿನ ತಳಭಾಗದಿಂದ ಬರುತ್ತದೆ. ಬೆಳಗ್ಗೆ ತಣ್ಣಗಿರುವಾಗ ಎಣ್ಣೆ ದಪ್ಪವಿರುವುದರಿಂದ ಅಡಗಿದ್ದು, ಬಿಸಿಯಾಗಿ ಎಣ್ಣೆ ತೆಳುವಾದಂತೆ ಜೋರಾಗುತ್ತದೆ. ಆಕ್ಸಿಲರೇಟರನ್ನು ನಿಧಾನವಾಗಿ ಏರಿಸಿ ಫಕ್ಕನೆ ಬಿಟ್ಟ ಕ್ಷಣದಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಬಿಸಿಯಾದಂತೆ ಕಡಿಮೆಯಾಗುವ ಸದ್ದು ಹೆಚ್ಚಾಗಿ ಸಹಿಸಬಹುದಾದದ್ದು, ಬಿಸಿಯಾದಂತೆ ಹೆಚ್ಚುವ ತಳದ ಸದ್ದು ಸಹಿಸಬಾರದ್ದು. ಈ ಒಂದು ಮಾತನ್ನು ನೆನಪಿಟ್ಟರೂ ಸಾಕಷ್ಟು ಕೆಲಸಕ್ಕೆ ಬರುತ್ತದೆ.

ಬಿಗ್ ಎಂಡ್ ಹೋಗುವುದು ಎಣ್ಣೆ ಹಾಕದವರ ಗಾಡಿಯಲ್ಲಿ ಮಾತ್ರ ಎಂದು ಭಾವಿಸಬಾರದು. ಮೂಡಿಗೆರೆ ಕಡೆಯ ಸದಸ್ಯರೊಬ್ಬರು ಗಾಡಿಯನ್ನು ಮಕ್ಕಳಂತೆ ನೋಡಿಕೊಳ್ಳುವವರು. ಒಂದು ಮಳೆಗಾಲದಲ್ಲಿ ತೋಟದ ರಸ್ತೆಯ ಮಣ್ಣು ಕೊಚ್ಚಿಹೋಗಿ ಎದ್ದಿದ್ದ ಕಲ್ಲಿಗೆ ಅವರ ಕಾರಿನ ತಳ ಬಡಿಯಿತು. ಇಳಿದು ಬಗ್ಗಿ ನೋಡಿದರು. ಎಣ್ಣೆ ಸೋರುತ್ತಿರಲಿಲ್ಲ. ಮಾರನೆಯ ದಿನವೂ ಡಿಪ್‌ಸ್ಟಿಕ್ಕು ನೋಡಿದರು. ಮಟ್ಟ ಸರಿಯಿತ್ತು. ಹದಿನೈದು ದಿನ ಕಳೆದು ತಾಯಿಯವರನ್ನು ಮಂಗಳೂರಿನ ಆಸ್ಪತ್ರೆಗೆ ತೋರಿಸಿ ಹಿಂದಿರುಗುವಾಗ ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತುತ್ತಿದ್ದರು. ಎರಡನೆಯ ಗಿಯರಿನಲ್ಲಿ ಇಂಜಿನು ಜೋರಾಗಿ ತಿರುಗುವಾಗ ಕೆಂಪು ದೀಪ ಒಮ್ಮೆ ಮಿನುಗಿ ಆರಿತು. ಮತ್ತೆ ಎರಡು ತಿರುವು ಕಳೆದು ಇನ್ನೊಮ್ಮೆ. ನಿಲ್ಲಿಸಿ ಮಳೆಯಲ್ಲೇ ಎಣ್ಣೆ ನೋಡಿದರು. ಮಟ್ಟ ಸರಿಯಾಗಿಯೇ ಇತ್ತು. ದೀಪದ ವಯರು ನೆನೆದಿರಬೇಕೆಂದು ತಿಳಿದು ಹೊರಟರು. ಟೊಕ್ ಟೊಕ್ ಶುರುವಾದದ್ದು ಅನಂತರ. ಕೊಟ್ಟಿಗೆಹಾರ ಇನ್ನೂ ದೂರವಿರುವಾಗಲೇ ಒಂದು ಏಟಿನ ಸದ್ದಿನೊಂದಿಗೆ ಇಂಜಿನು ನಿಂತಿತು. ರಾಡು ಮುರಿದು ಬ್ಲಾಕಿನ ಪಕ್ಕವನ್ನು ಒಡೆದು ಹೊರಬಂದಿತ್ತು. ಎಪ್ಪತ್ತು ದಾಟಿದ ತಾಯಿಯವರು ಮಂಜು, ಮಳೆಯಲ್ಲಿ ಎರಡು ಗಂಟೆ ಕಾರಿನೊಳಗೆ ಕುಳಿತಿರಬೇಕಾಯಿತು. ಕೊನೆಗೆ ಮೇಲಿನಿಂದ ಬಂದ ಹಾಲಿನ ವ್ಯಾನಿನವರು ಕರೆದೊಯ್ದರು.

ಇಂಜಿನು ಬಿಚ್ಚಿದಾಗ ಕಾರಣ ತಿಳಿಯಿತು. ಇಂಜಿನಿನ ತಳದಲ್ಲಿ ಎಣ್ಣೆ ನಿಲ್ಲುವ ತಗಡಿನ ತೊಟ್ಟಿಯನ್ನು ಗ್ಯಾರೇಜುಗಳಲ್ಲಿ ಚೇಂಬರು ಎನ್ನುವ ರೂಢಿ. ಈ ಚೇಂಬರಿನ ತಳದಿಂದ ಸ್ವಲ್ಪವೇ ಮೇಲೆ ಎಣ್ಣೆ ಹೀರುವ ಕೊಳವೆಯ ಬಾಯಿ, ಅದಕ್ಕೊಂದು ಜಾಲರಿ ಇರುತ್ತವೆ. ಕಲ್ಲು ಬಡಿದು ಚೇಂಬರಿನ ತಳ ಒಳಕ್ಕೆ ತಗ್ಗಿ ಆ ಬಾಯಿಯನ್ನು ಬಹುಮಟ್ಟಿಗೆ ಮುಚ್ಚಿಬಿಟ್ಟಿತ್ತು. ಎಣ್ಣೆ ಇತ್ತು, ಪಂಪಿಗೆ ಎಳೆಯಲು ದಾರಿ ಇರಲಿಲ್ಲ. ಕೆರೆಯಲ್ಲಿ ನೀರು ತುಂಬಿದ್ದು ಫುಟ್‌ವಾಲ್ವಿಗೆ ತರಗೆಲೆ ಅಂಟಿಕೊಂಡಂತೆ. ಸಾಧಾರಣ ವೇಗದಲ್ಲಿ ಹೇಗೋ ನಡೆಯುತ್ತಿದ್ದದ್ದು, ಇಂಜಿನು ಜೋರಾಗಿ ತಿರುಗಿ ಹೆಚ್ಚು ಎಣ್ಣೆ ಬೇಡಿದಾಗ ಸಾಲದಾಯಿತು. ಕಲ್ಲು ಬಡಿದ ವಾರದಲ್ಲಿ ಚೇಂಬರು ಇಳಿಸಿ ತಗಡು ತಟ್ಟಿಸಿದ್ದರೆ ಅರ್ಧ ದಿನದ ಕೂಲಿ ಮತ್ತು ಹೊಸ ಎಣ್ಣೆಯ ಖರ್ಚಿನಲ್ಲಿ ಮುಗಿಯುತ್ತಿತ್ತು.

ಆದ್ದರಿಂದ ತೋಟದ ರಸ್ತೆಯಲ್ಲಿ ತಳ ಬಡಿದ ಗಾಡಿಯನ್ನು ಸೋರಿಕೆ ಇಲ್ಲವೆಂದು ಬಿಡಬೇಡಿ. ಕೆಳಗೆ ಕೈಯಾಡಿಸಿ ಚೇಂಬರು ತಗ್ಗಿದೆಯೇ ನೋಡಿ; ತಗ್ಗಿದ್ದರೆ ದೂರ ಪ್ರಯಾಣದ ಮೊದಲು ಇಳಿಸಿ ತೋರಿಸಿ. ದೀಪ ಯಾವಾಗ ಮಿನುಗುತ್ತದೆ ಎಂಬುದೂ ಹಲವು ಸಂಗತಿ ತಿಳಿಸುತ್ತದೆ. ತಿರುವಿನಲ್ಲಿ, ಬ್ರೇಕು ಒತ್ತಿದಾಗ, ಕಡಿದಾದ ಏರಿನಲ್ಲಿ ಮಿನುಗಿದರೆ ಹೆಚ್ಚಾಗಿ ಎಣ್ಣೆ ಕಡಿಮೆಯಾಗಿ ಒಂದು ಪಕ್ಕಕ್ಕೆ ವಾಲುತ್ತಿರುತ್ತದೆ. ಬಿಸಿ ಇಂಜಿನು ಐಡ್ಲಿಂಗಿನಲ್ಲಿರುವಾಗ ಮಿನುಗಿ, ಆಕ್ಸಿಲರೇಟರು ಕೊಟ್ಟಾಗ ಆರಿದರೆ ಪಂಪು ಅಥವಾ ಬೇರಿಂಗು ಸವೆದಿರಬಹುದು. ವೇಗವಾಗಿ ತಿರುಗುವಾಗ ಮಿನುಗಿದರೆ ಹೀರುವ ಬಾಯಿ ಕಟ್ಟಿದೆಯೆಂಬ ಅನುಮಾನ ಬಲವಾಗುತ್ತದೆ. ದೀಪದ ಸ್ವಿಚ್ಚೇ ಕೆಟ್ಟಿರುವುದೂ ಉಂಟು. ಅದನ್ನು ಗೇಜು ಹಾಕಿ ಖಚಿತಪಡಿಸಿಕೊಳ್ಳಬೇಕೇ ಹೊರತು ಊಹೆಯಿಂದಲ್ಲ.

ಎಣ್ಣೆ ಸರಿಯಿದೆ, ದೀಪ ಹೊತ್ತುವುದಿಲ್ಲ, ತಳದಿಂದ ಟೊಕ್ ಟೊಕ್ ಇಲ್ಲ ಎಂದಾದರೆ ಸಮಾಧಾನವಾಗಿ ಸದ್ದನ್ನು ಹುಡುಕಬಹುದು. ಇದಕ್ಕೆ ಬೋರ್ಡೋ ಸಿಂಪರಣೆಯ ಹಳೆಯ ಪೈಪಿನ ಒಂದು ಮೀಟರು ತುಂಡು ಸಾಕು. ಒಂದು ತುದಿ ಕಿವಿಗೆ ಹಿಡಿದು ಇನ್ನೊಂದು ತುದಿಯನ್ನು ಇಂಜಿನಿನ ಬೇರೆ ಬೇರೆ ಭಾಗಗಳ ಹತ್ತಿರ ಆಡಿಸಿದರೆ ಸದ್ದಿನ ನೆಲೆ ಆಶ್ಚರ್ಯಪಡುವಷ್ಟು ಸ್ಪಷ್ಟವಾಗಿ ತಿಳಿಯುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನಿಗೆ ಒತ್ತಿ ಹಿಡಿಕೆಗೆ ಕಿವಿ ಕೊಡುವುದು ಹಳೆಯ ಮೇಸ್ತ್ರಿಗಳ ಪದ್ಧತಿ, ಅದೂ ಒಳ್ಳೆಯದೇ. ಆದರೆ ಪಂಚೆಯ ಅಂಚು, ಹೆಗಲ ಟವೆಲು, ಹೆಂಗಸರಾದರೆ ಸೆರಗು, ಜಡೆ ಇವನ್ನು ಕಟ್ಟಿಕೊಂಡೇ ಬಗ್ಗಬೇಕು. ಈಗಿನ ಕಾರುಗಳ ರೇಡಿಯೇಟರ್ ಫ್ಯಾನು ಕರೆಂಟಿನದು. ಇಂಜಿನು ಬಿಸಿಯಿದ್ದರೆ, ಕೆಲವು ಗಾಡಿಗಳಲ್ಲಿ ಚಾವಿ ತೆಗೆದ ಮೇಲೂ, ತಾನಾಗಿ ತಿರುಗಲಾರಂಭಿಸುತ್ತದೆ.

ಸದ್ದಿನ ಗತಿಯನ್ನೂ ಗಮನಿಸಬೇಕು. ನಾಲ್ಕು ಹೊಡೆತದ ಇಂಜಿನಿನಲ್ಲಿ ಕ್ರ್ಯಾಂಕು ಎರಡು ಸುತ್ತು ಸುತ್ತಿದರೆ ವಾಲ್ವುಗಳನ್ನು ಎತ್ತುವ ಕ್ಯಾಮ್ ಶಾಫ್ಟು ಒಂದು ಸುತ್ತು ಸುತ್ತುತ್ತದೆ. ಐಡ್ಲಿಂಗಿನಲ್ಲಿ ಕ್ರ್ಯಾಂಕು ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಒಂದು ವಾಲ್ವಿನ ಸದ್ದು ನಿಮಿಷಕ್ಕೆ 400 ಸಲ, ಅಂದರೆ ಸೆಕೆಂಡಿಗೆ ಆರೇಳು ಸಲ ಬರುತ್ತದೆ. ಕ್ರ್ಯಾಂಕಿನ ಜೊತೆಗಿನ ಬಡಿತ ಸೆಕೆಂಡಿಗೆ ಹದಿಮೂರರ ಹತ್ತಿರ. ಎಣಿಸಲು ಆಗದಿದ್ದರೂ ಇಂಜಿನಿನ ಓಟಕ್ಕಿಂತ ಈ ಸದ್ದು ನಿಧಾನವಾಗಿದೆ ಎಂಬುದು ಅಭ್ಯಾಸದಿಂದ ಕಿವಿಗೆ ತಿಳಿಯುತ್ತದೆ. ನಿಧಾನ ಗತಿಯ, ತೆಳುವಾದ, ಮೇಲುಗಡೆಯ ಟಿಕ್ ಟಿಕ್ ಎಂದರೆ ಬಹುಪಾಲು ಟ್ಯಾಪೆಟ್ಟೇ.

ಟ್ಯಾಪೆಟ್ ಸದ್ದು ಅವಸರದ್ದಲ್ಲ. ಅದರೊಡನೆ ಮಂಗಳೂರಿಗೆ ಹೋಗಿ ಬರಬಹುದು. ಸ್ಕ್ರೂ ಮತ್ತು ನಟ್ಟಿನಿಂದ ಸರಿಪಡಿಸುವ ಹಳೆಯ ಇಂಜಿನುಗಳಲ್ಲಿ ಫೀಲರ್ ಗೇಜಿನ ತೆಳು ಪಟ್ಟಿ ತೂರಿಸಿ ಸಂದು ಹೊಂದಿಸುವುದು ಕೈಚಳಕವಿರುವ ಯಾರಿಗೂ ಅಸಾಧ್ಯವಲ್ಲ. ಎಷ್ಟು ಸಂದು, ಇಂಜಿನು ತಣ್ಣಗಿರುವಾಗಲೋ ಬಿಸಿಯಿರುವಾಗಲೋ ಎಂಬುದನ್ನು ಆಯಾ ಗಾಡಿಯ ಕೈಪಿಡಿಯಲ್ಲಿ ನೋಡಿಯೇ ಮಾಡಬೇಕು. ಸದ್ದು ಪೂರ್ತಿ ನಿಲ್ಲುವವರೆಗೆ ಬಿಗಿ ಮಾಡುವ ಮೇಸ್ತ್ರಿಗಳಿದ್ದಾರೆ. ಗಿರಾಕಿಗೆ ಸಂತೋಷವಾಗುತ್ತದೆ, ವಾಲ್ವಿಗೆ ಆಗುವುದಿಲ್ಲ. ಸಂದು ತೀರಾ ಕಡಿಮೆಯಾದರೆ ಬಿಸಿಯಲ್ಲಿ ವಾಲ್ವು ಹಿಗ್ಗಿ ಪೂರ್ತಿ ಮುಚ್ಚಿಕೊಳ್ಳದೆ, ಬೆಂಕಿಯ ಗಾಳಿ ನುಗ್ಗಿ ಅದರ ಅಂಚು ಸುಟ್ಟುಹೋಗುತ್ತದೆ. ಸಡಿಲಾದ ಟ್ಯಾಪೆಟ್ಟು ಸದ್ದು ಮಾಡುತ್ತದೆ, ಬಿಗಿಯಾದದ್ದು ಸದ್ದಿಲ್ಲದೆ ಸುಡುತ್ತದೆ. ತಾನಾಗಿ ಸಂದು ಹೊಂದಿಸಿಕೊಳ್ಳುವ, ಎಣ್ಣೆಯ ಒತ್ತಡದ ಟ್ಯಾಪೆಟ್ಟುಗಳಿರುವ ಇಂಜಿನುಗಳಲ್ಲಿ ತಿರುಗಿಸಲು ಸ್ಕ್ರೂ ಇರುವುದಿಲ್ಲ. ಅಲ್ಲಿ ಟಿಕ್ ಟಿಕ್ ಬಂದರೆ ಎಣ್ಣೆ, ಎಣ್ಣೆಯ ಫಿಲ್ಟರು ಇವನ್ನೇ ಮೊದಲು ನೋಡಬೇಕು.

ಟ್ಯಾಪೆಟ್ಟಿನ ಸದ್ದನ್ನೇ ಹೋಲುವ, ಆದರೆ ಅದಕ್ಕಿಂತ ಅಪಾಯಕಾರಿಯಾದ ಇನ್ನೊಂದಿದೆ. ಇಂಜಿನಿಗೂ ಸೈಲೆನ್ಸರ್ ಪೈಪಿಗೂ ಸೇರುವಲ್ಲಿ ಗ್ಯಾಸ್ಕೆಟ್ಟು ಹೋಗಿದ್ದರೆ, ಮ್ಯಾನಿಫೋಲ್ಡು ಬಿರುಕು ಬಿಟ್ಟಿದ್ದರೆ ಹೊಗೆ ಚಿಟ್ ಚಿಟ್ ಎಂದು ಹೊರಬೀಳುತ್ತದೆ. ತಣ್ಣಗಿರುವಾಗ ಜೋರಾಗಿದ್ದು, ಕಬ್ಬಿಣ ಬಿಸಿಯಾಗಿ ಹಿಗ್ಗಿದ ಮೇಲೆ ಕಡಿಮೆಯಾಗುವುದುಂಟು. ಮೇಲೆ ಹೇಳಿದ ಸೂತ್ರಕ್ಕೆ ಇದೊಂದು ಅಪವಾದ. ಸಂದಿನ ಸುತ್ತ ಮಸಿಯ ಗುರುತು ಕಂಡರೆ ಇದೇ ಎಂದು ತಿಳಿಯಬೇಕು. ಕೆಡುಕು ಸದ್ದಿನಲ್ಲಿಲ್ಲ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿನಲ್ಲಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಓಮ್ನಿಯಂಥ ಗಾಡಿಗಳಲ್ಲಿ ಇಂಜಿನು ಮುಂದಿನ ಸೀಟಿನ ಅಡಿಯಲ್ಲೇ ಇದೆ. ಮಳೆಗೆ ಕಿಟಕಿಗಳನ್ನೆಲ್ಲ ಏರಿಸಿರುತ್ತೇವೆ. ಮಕ್ಕಳಿಗೆ ತಲೆನೋವು, ವಾಕರಿಕೆ, ಮಂಪರು ಬಂದರೆ ಘಾಟಿಯ ತಿರುವಿನಿಂದ ಎಂದುಕೊಂಡು ನಿಂಬೆಹಣ್ಣು ಮೂಸಲು ಕೊಡುತ್ತೇವೆ. ನೇರ ರಸ್ತೆಯಲ್ಲೂ ಒಬ್ಬರಿಗಿಂತ ಹೆಚ್ಚು ಜನರಿಗೆ ಹೀಗಾದರೆ ತಕ್ಷಣ ಗಾಡಿ ನಿಲ್ಲಿಸಿ ಎಲ್ಲರನ್ನೂ ಹೊರಗಿಳಿಸಿ, ಮಳೆ ಬರುತ್ತಿದ್ದರೂ ಸರಿಯೇ. ಈ ಸೋರಿಕೆಯನ್ನು ಸರಿಪಡಿಸುವವರೆಗೆ ಆ ಗಾಡಿಯಲ್ಲಿ ಮನೆಮಂದಿಯನ್ನು ಕರೆದೊಯ್ಯಬೇಡಿ.

ಘಾಟಿ ಏರುವಾಗ ಮಾತ್ರ, ತಗಡಿನ ಡಬ್ಬಿಯಲ್ಲಿ ಒಣ ಕಾಫಿ ಬೀಜ ಹಾಕಿ ಅಲುಗಿಸಿದಂಥ ಸದ್ದು ಪೆಟ್ರೋಲ್ ಗಾಡಿಗಳಲ್ಲಿ ಬರುತ್ತದೆ. ಪೆಟ್ರೋಲು ಕ್ರಮವಾಗಿ ಉರಿಯದೆ ಒಮ್ಮೆಗೇ ಸಿಡಿಯುವುದರಿಂದ ಆಗುವ ಸದ್ದಿದು. ಕೂಡಲೇ ಮಾಡಬೇಕಾದದ್ದು ಗಿಯರು ಇಳಿಸುವುದು. ನಾಲ್ಕನೆಯದರಲ್ಲಿ ಏದುಸಿರು ಬಿಡಿಸಿ ಎಳೆಸುವ ಅಭ್ಯಾಸ ಪೆಟ್ರೋಲು ಉಳಿಸುವುದಿಲ್ಲ, ಪಿಸ್ಟನ್ನನ್ನು ಮಾತ್ರ ಕೆಡಿಸುತ್ತದೆ. ಗಿಯರು ಇಳಿಸಿದರೂ ಸದ್ದು ನಿಲ್ಲದಿದ್ದರೆ ಇಂಜಿನು ಅತಿಯಾಗಿ ಬಿಸಿಯಾಗಿದೆಯೇ, ಒಳಗೆ ಇದ್ದಿಲು ಕಟ್ಟಿದೆಯೇ, ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಗಾಡಿಯಾದರೆ ಟೈಮಿಂಗು ಮುಂದಕ್ಕೆ ಹೋಗಿದೆಯೇ ಎಂದು ನೋಡಿಸಬೇಕು. ಪೆಟ್ರೋಲಿಗೆ ಎಥೆನಾಲ್ ಬೆರೆಸುವುದರಿಂದ ಈ ಸದ್ದು ಬರುತ್ತದೆಂದು ಹಲವರು ವಾದಿಸುತ್ತಾರೆ. ಎಥೆನಾಲ್ ಈ ಸಿಡಿತವನ್ನು ತಡೆಯುವ ಗುಣವುಳ್ಳದ್ದೇ ಹೊರತು ಹೆಚ್ಚಿಸುವುದಲ್ಲ. ಹಳೆಯ ಗಾಡಿಗಳ ರಬ್ಬರ್ ಪೈಪು, ವಾಷರುಗಳ ಮೇಲೆ ಅದರ ಪರಿಣಾಮ ಬೇರೆಯೇ ವಿಷಯ. ಅವನ್ನು ಆಗಾಗ ನೋಡುತ್ತಿರುವುದು ಒಳ್ಳೆಯದು.

ಬೆಳಗ್ಗೆ ಸೆಲ್ಫ್ ಹೊಡೆದೊಡನೆ ಇಂಜಿನಿನ ಒಂದು ಪಕ್ಕದಿಂದ ಒಂದೆರಡು ಸೆಕೆಂಡು ಗಲಗಲ ಎಂದು ಸುಮ್ಮನಾದರೆ ಟೈಮಿಂಗ್ ಚೈನನ್ನು ನೆನೆಯಬೇಕು. ಚೈನನ್ನು ಬಿಗಿಯಾಗಿಡುವ ಟೆನ್ಷನರಿಗೆ ಅನೇಕ ಇಂಜಿನುಗಳಲ್ಲಿ ಎಣ್ಣೆಯ ಒತ್ತಡವೇ ಬಲ. ಸದ್ದು ದಿನದಿಂದ ದಿನಕ್ಕೆ ಉದ್ದವಾಗುತ್ತಾ ಹೋದರೆ ತಡಮಾಡಬಾರದು; ಚೈನು ಹಲ್ಲು ಹಾರಿದರೆ ವಾಲ್ವು, ಪಿಸ್ಟನ್ನು ಒಂದಕ್ಕೊಂದು ಬಡಿದು ಹೆಡ್ಡು ಹಾಳಾಗುತ್ತದೆ. ಎಣ್ಣೆಯನ್ನು ಕಾಲಕಾಲಕ್ಕೆ ಬದಲಾಯಿಸದ ಗಾಡಿಗಳಿಗೆ ಈ ತೊಂದರೆ ಹೆಚ್ಚು. ಹೆಚ್ಚಿನ ಕೈಪಿಡಿಗಳಲ್ಲಿ ಕಠಿಣ ಬಳಕೆಗೆ ಬೇರೆ ಕೋಷ್ಟಕ ಇರುತ್ತದೆ: ಧೂಳು, ಏರುರಸ್ತೆ, ಪದೇ ಪದೇ ಸಣ್ಣ ಓಡಾಟ. ನಮ್ಮೆಲ್ಲರ ಗಾಡಿಗಳೂ ಆ ಕೋಷ್ಟಕಕ್ಕೇ ಸೇರತಕ್ಕವು.

ಉಳಿದವು ಸಣ್ಣಪುಟ್ಟವು. ಒದ್ದೆ ಬೆಳಗಿನಲ್ಲಿ ಕೀಂಯ್ ಎನ್ನುವುದು ಬೆಲ್ಟು. ತಿರುಗುತ್ತಿರುವ ಬೆಲ್ಟಿನ ಒಳಮೈಗೆ ದೂರದಿಂದ ಸ್ವಲ್ಪ ನೀರು ಚಿಮುಕಿಸಿ. ಸದ್ದು ಜೋರಾದರೆ ಬೆಲ್ಟು ಸಡಿಲವಾಗಿ ಜಾರುತ್ತಿದೆ. ಸದ್ದು ನಿಂತು ಸ್ವಲ್ಪ ಹೊತ್ತಿನಲ್ಲಿ ಮರಳಿ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಬೆಲ್ಟು ತೆಗೆದು ಕ್ಷಣಕಾಲ ಇಂಜಿನು ಓಡಿಸಿದಾಗ ಗೊರಗೊರ ಸದ್ದು ಮಾಯವಾದರೆ ವಾಟರ್ ಪಂಪಿನದೋ ಆಲ್ಟರ್ನೇಟರಿನದೋ ಬೇರಿಂಗು ಹೋಗಿದೆ. ಟೈಮಿಂಗ್ ಬೆಲ್ಟಿಗೆ ಮಾತ್ರ ಕೈಹಾಕಬಾರದು. ತಗಡು ಕಂಪಿಸುವ ಸದ್ದಾದರೆ ಸೈಲೆನ್ಸರಿನ ಮೇಲಿನ ಶಾಖ ತಡೆಯುವ ತಗಡಿನ ಬೋಲ್ಟು ತುಕ್ಕು ಹಿಡಿದು ಬಿಟ್ಟಿರುತ್ತದೆ. ಸುಲಿ ಅಡಿಕೆಯ ಕಾಲದಲ್ಲಂತೂ ಎಲ್ಲಕ್ಕೂ ಮೊದಲು ಇಲಿಯನ್ನು ಸಂಶಯಿಸಬೇಕು. ಒಬ್ಬ ಸದಸ್ಯರ ಕಾರಿನ ಲೊಟಲೊಟ ಸದ್ದಿಗೆ ಎರಡು ಗ್ಯಾರೇಜುಗಳಲ್ಲಿ ಕಾರಣ ಸಿಗದೆ, ಕೊನೆಗೆ ಏರ್ ಫಿಲ್ಟರಿನ ಡಬ್ಬಿ ತೆಗೆದಾಗ ಹನ್ನೊಂದು ಒಣ ಅಡಿಕೆ ಹೊರಬಿದ್ದವು. ಅವರು ಅವನ್ನೂ ಮಂಡಿಗೆ ಹಾಕಿರಬೇಕು.

ಡೀಸೆಲ್ ಗಾಡಿಯವರಿಗೆ ಒಂದು ಮುಖ್ಯ ಮಾತು. ಹಳೆಯ ಜೀಪುಗಳಲ್ಲಿ ಯಾವ ಸಿಲಿಂಡರಿನಿಂದ ಬಡಿತ ಬರುತ್ತಿದೆ ಎಂದು ತಿಳಿಯಲು ಇಂಜೆಕ್ಟರಿನ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ನೋಡುವ ಪದ್ಧತಿ ಇತ್ತು. ಕಾಮನ್ ರೈಲ್ ಇರುವ ಈಗಿನ ಡೀಸೆಲ್ ಇಂಜಿನುಗಳಲ್ಲಿ ಇದನ್ನು ಎಂದಿಗೂ ಮಾಡಕೂಡದು. ಅಲ್ಲಿನ ಒತ್ತಡ 1000 ಬಾರ್ ದಾಟುತ್ತದೆ. ಕಣ್ಣಿಗೆ ಕಾಣದಂಥ ಡೀಸೆಲ್ ಎಳೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ, ಕೈಬೆರಳನ್ನೇ ಕಳೆದುಕೊಳ್ಳುವ ಸಂಭವವಿದೆ. ಹಾಗೆಯೇ ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಇಂಜಿನು ನಿಲ್ಲಿಸಿ, ಒಂದು ಪ್ಲಗ್ಗಿನ ವಯರು ತೆಗೆದು ಅದರ ತುದಿಯನ್ನು ಇಂಜಿನಿನ ಕಬ್ಬಿಣಕ್ಕೆ ತಾಗಿಸಿ ಕಟ್ಟಿ, ಕೆಲವು ಸೆಕೆಂಡು ಮಾತ್ರ ಓಡಿಸಿ ನೋಡುವುದುಂಟು. ಆ ಸಿಲಿಂಡರು ನಿಂತಾಗ ಟೊಕ್ ಟೊಕ್ ಅಡಗಿದರೆ ಹೋದದ್ದು ಅದರ ಬಿಗ್ ಎಂಡೇ. ಕಂಪ್ಯೂಟರ್ ಇರುವ ಹೊಸ ಗಾಡಿಗಳಲ್ಲಿ ಈ ಪ್ರಯೋಗ ಕಾಯಿಲನ್ನೂ ಸೈಲೆನ್ಸರಿನ ಕನ್ವರ್ಟರನ್ನೂ ಕೆಡಿಸಬಹುದು. ಅಲ್ಲಿ ಇಂಜೆಕ್ಟರಿನ ವಯರು ಕಳಚಿ ನೋಡುವ ಕೆಲಸವನ್ನು ಬಲ್ಲವರಿಗೇ ಬಿಡಬೇಕು.

ಹಳೆಯ ಕಾರು ಕೊಳ್ಳುವವರು ಬೆಳಗ್ಗೆ ಬೇಗನೆ, ಹೇಳದೆ ಹೋಗಿ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ತಣ್ಣನೆಯ ಇಂಜಿನಿನ ಸದ್ದನ್ನು ಮರೆಮಾಡಲು ಮೊದಲೇ ಓಡಿಸಿರಬಹುದು. ತೀರಾ ದಪ್ಪ ಎಣ್ಣೆ ಹಾಕಿ ಬಡಿತ ಅಡಗಿಸುವುದೂ ಹೊಸ ವಿದ್ಯೆಯಲ್ಲ. ಆದುದರಿಂದ ಅರ್ಧ ಗಂಟೆ ಏರುರಸ್ತೆಯಲ್ಲಿ ಓಡಿಸಿ, ಚೆನ್ನಾಗಿ ಬಿಸಿಯಾದ ಮೇಲೆ ಇನ್ನೊಮ್ಮೆ ಕಿವಿಗೊಡಿ.

ಗ್ಯಾರೇಜಿಗೆ ಒಯ್ಯುವಾಗ "ಸದ್ದು ಬರ್ತದೆ" ಎಂದಷ್ಟೇ ಹೇಳಬೇಡಿ. ತಣ್ಣಗೋ ಬಿಸಿಯೋ, ಏರಿನಲ್ಲೋ ಐಡ್ಲಿಂಗಿನಲ್ಲೋ, ಮೇಲೋ ಕೆಳಗೋ, ದೀಪ ಮಿನುಗಿತೇ, ತಳ ಬಡಿದಿತ್ತೇ ಎಂದು ಒಂದು ಚೀಟಿಯಲ್ಲಿ ಬರೆದು ಕೊಡಿ. ತಣ್ಣನೆಯ ಸದ್ದು ಪೇಟೆ ಮುಟ್ಟುವಷ್ಟರಲ್ಲಿ ಮಾಯವಾಗುವುದರಿಂದ ಬೆಳಗ್ಗೆಯೇ ಮೊಬೈಲಿನಲ್ಲಿ ಮುದ್ರಿಸಿಟ್ಟುಕೊಳ್ಳಿ. ಇಂಜಿನು ಬೋರಿಗೆ ಬಂದಿದೆ, ಇಳಿಸಬೇಕು ಎಂದರೆ ಮೊದಲು ಎಣ್ಣೆಯ ಒತ್ತಡವನ್ನು ಗೇಜಿನಿಂದ ಅಳೆಸಿ, ಹಳೆಯ ಎಣ್ಣೆ ಫಿಲ್ಟರನ್ನು ನಿಮ್ಮೆದುರಿಗೇ ಕತ್ತರಿಸಿ ತೋರಿಸಲು ಹೇಳಿ. ಮಡಿಕೆಗಳಲ್ಲಿ ಹೊಳೆಯುವ ಚೂರುಗಳಿದ್ದು ಅವು ಅಯಸ್ಕಾಂತಕ್ಕೆ ಅಂಟದಿದ್ದರೆ ಹೆಚ್ಚಾಗಿ ಬೇರಿಂಗಿನ ಲೋಹ. ಆಗ ಮೇಸ್ತ್ರಿಯ ಮಾತು ನಿಜವೆಂದು ಒಪ್ಪಬಹುದು. ಬೇಗ ಹಿಡಿದಿದ್ದರೆ ಚೇಂಬರು ಇಳಿಸಿ ಬೇರಿಂಗಿನ ಹೋಳುಗಳನ್ನು ಮಾತ್ರ ಬದಲಾಯಿಸಿ ಮುಗಿಸುವುದೂ ಸಾಧ್ಯ. ಕ್ರ್ಯಾಂಕಿನ ಮೈ ಗೀರಿಹೋಗಿದ್ದರೆ ಅದನ್ನು ಲೇತಿನ ಕಾರ್ಖಾನೆಯಲ್ಲಿ ಉಜ್ಜಿಸಿ, 0.25 ಅಥವಾ 0.50 ಮಿಲಿಮೀಟರು ಕಡಿಮೆ ಅಳತೆಯ ಹೋಳುಗಳನ್ನು ಹಾಕಬೇಕಾಗುತ್ತದೆ. ಬದಲಾಯಿಸಿದ ಹಳೆಯ ಭಾಗಗಳನ್ನು ಕೇಳಿ ತೆಗೆದುಕೊಳ್ಳಿ. ಇಳಿಸಿದ ಹಳೆಯ ಎಣ್ಣೆಯನ್ನು ತೋಡಿಗೆ ಸುರಿಯುವ ಅಭ್ಯಾಸವಿರುವವರು ದಯವಿಟ್ಟು ಅದನ್ನು ಡಬ್ಬದಲ್ಲಿ ತುಂಬಿಸಿ ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಿ.

ಸಂಘದ ಗೋದಾಮಿನಲ್ಲಿ ಫೀಲರ್ ಗೇಜು ಒಂದು, ಎಣ್ಣೆಯ ಒತ್ತಡ ಅಳೆಯುವ ಗೇಜು ಒಂದು ಇರಿಸಿದ್ದೇವೆ. ಸದಸ್ಯರು ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬಹುದು. ಎರಡು ದಿನಗಳೊಳಗೆ, ಒರೆಸಿ, ಹಿಂತಿರುಗಿಸತಕ್ಕದ್ದು.